ಗಾರ್ಡಕ್ಕ ಕುಡಿಯದ ಚಹಾ

ಹಣೆಯಲ್ಲಿ ಕಾಸಗಲ ಕುಂಕುಮ, ಅದರ ಮೇಲೆ ಖಾಕಿ ಟೊಪ್ಪಿಗೆ. ಬೂಟಿನೊಳಗೆ ಕಾಲುಂಗುರ ಒತ್ತುತ್ತದೆಂದು ದಿನಾ ಬೈಯುತ್ತಿದ್ದರು, ಆದರೆ ಎರಡರಲ್ಲಿ ಒಂದನ್ನೂ ಬಿಟ್ಟವರಲ್ಲ. ಗಂಗಾವತಿ ಕಡೆ ತೋಳಗಳಿಗೆಂದು ಕಾಯ್ದಿಟ್ಟ ಗುಡ್ಡಕ್ಕೆ ಅವರೇ ಅರಣ್ಯ ಇಲಾಖೆಯ ಗಾರ್ಡು. ಗುಡ್ಡದ ಬುಡದಲ್ಲಿ ನನ್ನ ಚಹಾದಂಗಡಿ. ಊರಿಗೆಲ್ಲ ಅವರು ಗಾರ್ಡಕ್ಕ.

ಹಾವು ಹುಡುಕುವ ಹುಚ್ಚಿನವರು ಈಚೆಗೆ ಹೆಚ್ಚಾಗಿದ್ದಾರೆ. ಕ್ಯಾಮೆರಾ ಹಿಡಿದು ಬರುತ್ತಾರೆ, ಕಲ್ಲು ಮಗುಚುತ್ತಾರೆ, ಹಾಗೇ ಬಿಟ್ಟು ಹೋಗುತ್ತಾರೆ. ಗಾರ್ಡಕ್ಕ ಬೆನ್ನುಹತ್ತಿ, "ಏ ತಮ್ಮಾ, ನಿಮ್ಮ ಮನಿ ಮಾಳಗಿ ಯಾರರ ಕಿತ್ತು ಹೊಂಟ್ರ ಹೆಂಗಾಕ್ಕೈತಿ? ಇಡು ಆ ಕಲ್ಲು ಇದ್ದಲ್ಲೆ" ಎಂದು ಗದರಿ ಇಡಿಸುತ್ತಿದ್ದರು. ಪರವಾನಗಿ ತಂದವರಿಗೆ ತಾವೇ ದಾರಿ ತೋರಿಸುತ್ತಿದ್ದರು. ಇಲ್ಲದವರು ಕಾಲಿಗೆ ಬಿದ್ದರೂ ಬಿಡುತ್ತಿರಲಿಲ್ಲ.

ಒಂದು ಮುಂಜಾನೆ, "ತಂಗೀ, ಬಾ ಇಲ್ಲೆ, ಸಾಕ್ಷಿ ಬೇಕು" ಎಂದು ಮೇಲಿಂದ ಕೂಗಿದರು. ಹೋಗಿ ನೋಡಿದರೆ ಊರ ಸಾಹುಕಾರರ ಬೀಗರ ಕಡೆಯ ಮೂವರು, ಕೈಯಲ್ಲಿ ಕಬ್ಬಿಣದ ಕೊಕ್ಕೆ. ನೆಲದ ಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ಬುಟ್ಟಿ. ಅಕ್ಕ ಕೋಲಿನಿಂದ ಅದನ್ನೆತ್ತಿದರು. ಒಳಗೆ ನಾಗರಹಾವು! ಸುರುಳಿ ಸುತ್ತಿ ತಣ್ಣಗೆ ಕೂರಲಿ, ಫೋಟೊ ಚೆಂದ ಬರಲಿ ಎಂದು ಮುಚ್ಚಿದ್ದರಂತೆ.

"ಕೊಂದಿಲ್ರೀ, ಫೋಟೊ ತಗದು ಬಿಡಾವ್ರು" ಎಂದ ಒಬ್ಬ.

"ಹಿಡದ್ರೂ ಕಾಯ್ದೆದಾಗ ಅದು ಬ್ಯಾಟಿ ಆಡಿದಂಗ ಐತಿ. ನಡೀರಿ" ಎಂದರು ಅಕ್ಕ. ಕೇಸು ಹಾಕಿಯೇ ಬಿಟ್ಟರು.

ಸಂಜೆಗೆ ಸಾಹುಕಾರರು ನನ್ನಂಗಡಿಗೆ ಬಂದು ಅಕ್ಕನನ್ನು ಕರೆಸಿದರು. ನಮ್ಮಲ್ಲಿ ಜಗಳ ಮುಗಿಸುವ ಪದ್ಧತಿ ಒಂದಿದೆ. ಇಬ್ಬರೂ ಎದುರುಬದುರು ಕೂತು ಚಹಾ ಕುಡಿದರೆ ರಾಜಿಯಾದಂತೆ, ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ಎರಡು ಕಪ್ಪು ಇಟ್ಟೆ.

"ಕುಡಿಯವಾ. ಬೀಗರ ಮುಂದ ನನ್ನ ಮಾನ ಹೊಕ್ಕೈತಿ. ಇಲ್ಲಂದ್ರ ನಿನಗ ಈ ಗುಡ್ಡ ಇರಂಗಿಲ್ಲ ನೋಡು" ಎಂದರು ಸಾಹುಕಾರರು.

ಗಳಿಗೆಗೊಂದು ಚಹಾ ಬೇಕಾದ ಹೆಂಗಸು ತಮ್ಮ ಕಪ್ಪನ್ನು ಅವರತ್ತ ಸರಿಸಿದರು. "ಎರಡೂ ನೀವ ಕುಡೀರಿ ಸಾಹುಕಾರ್ರ. ನಾ ಕೋರ್ಟಿನ್ಯಾಗ ಕುಡೀತೀನಿ."

ಅವತ್ತು ನನಗಾದ ಹಿಗ್ಗು ಹೇಳತೀರದು!

ಸಾಹುಕಾರರು ಅಕ್ಕನನ್ನು ಕುಷ್ಟಗಿ ಕಡೆಗೆ ವರ್ಗ ಮಾಡಿಸಿದರು. ಅಲ್ಲಿಂದ ಬಸ್ಸು ಹಿಡಿದು ಕೋರ್ಟಿನ ಪ್ರತಿ ತಾರೀಖಿಗೂ ಬಂದರು ಪುಣ್ಯಾತ್ಗಿತ್ತಿ. ಹೋದ ವರ್ಷ ಕಾಮಾಲೆ ಅವರನ್ನು ಎಳೆದುಕೊಂಡು ಹೋಯಿತು. ಕೊಪ್ಪಳದ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನಾ ಹ್ವಾದ್ರ ಕೇಸು ಹೋಗೂದಿಲ್ಲ. ಕಣ್ಣಾರೆ ನೋಡಿದಾಕಿ ನೀ ಅದಿ" ಎಂದಿದ್ದರು.

ಸಾಹುಕಾರರು ಬೇರೆಯೇ ಹೇಳಿಕಳಿಸಿದರು: "ನಾ ಏನೂ ನೋಡಿಲ್ಲ ಅಂದುಬಿಡು. ಅಂಗಡಿ ಜಾಗ ನಮ್ಮದೈತಿ." ಹೆದರಲಿಲ್ಲವೆಂದರೆ ಸುಳ್ಳಾದೀತು. ಹೆದರಿಕೊಂಡೇ ಕೋರ್ಟಿಗೆ ಹೋದೆ.

"ಬುಟ್ಟಿ ಕೆಳಗೆ ಹಾವಿತ್ತು ಅಂತ ಆ ಗಾರ್ಡ್ ನಿನಗೆ ಹೇಳಿಕೊಟ್ಟಿದ್ದು, ಹೌದಲ್ಲ?" ಎಂದು ಅವರ ವಕೀಲರು ಕೇಳಿದರು.

"ಅಕ್ಕಾರು ಬರೇ ಬುಟ್ಟಿ ಎತ್ತಿದ್ರು ಸಾಹೇಬ್ರ. ನೋಡಿದ್ದು ನನ್ನ ಕಣ್ಣು. ಹಿಡದಾವ್ರು ಅಲ್ಲೇ ನಿಂತಾರ ನೋಡ್ರಿ" ಎಂದು ಬೆರಳು ಮಾಡಿ ತೋರಿಸಿದೆ.

ಅಂಗಡಿ ಬಿಡಿಸಿದರು. ಬಿಡಿಸಲಿ! ಈಗ ತಳ್ಳುಗಾಡಿ ಇಟ್ಟಿದ್ದೇನೆ, ಸಾಹುಕಾರರ ಮನೆಯ ಎದುರಿಗೇ.