ಗಡ್ಡವಿದ್ದ ಟಗರು

ಇಂಗ್ಲೆಂಡಿನ ಆ ಕಟ್ಟಡವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಅದರ ಒಂದೊಂದು ಕಮಾನೂ ನನಗೆ ಬಾಯಿಪಾಠ. ಉಣ್ಣೆ ವ್ಯಾಪಾರಿಗಳು ಹಿಂದಿನ ಕಾಲದಲ್ಲಿ ಕಟ್ಟಿಸಿದ ಮಳಿಗೆ ಅದು. ಕೆಂಪು ಸುಟ್ಟಮಣ್ಣಿನ ಮುಖ, ಕೆಳಗೆ ಸಾಲಾಗಿ ಕಮಾನಿನ ಅಂಗಡಿಗಳು, ನಡುವೆ ಉದ್ದದ ಓಣಿ, ಓಣಿಯ ಮೇಲೆ ಕಬ್ಬಿಣದ ಪಕ್ಕೆಗಳ ನಡುವೆ ಗಾಜು ಕೂರಿಸಿದ ಮಾಡು. ಪ್ರತಿ ಕಮಾನಿನ ನೆತ್ತಿಯ ಕಲ್ಲಿನಲ್ಲೂ ಒಂದು ಟಗರಿನ ತಲೆ.

ಕುವೈತ್ ಸಿಟಿಯಲ್ಲಿ ನಾನು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದ ಕಚೇರಿಯ ಇಂಗ್ಲಿಷ್ ಸಾಹೇಬ ಆ ಕಟ್ಟಡವಿದ್ದ ಊರಿನವನು. ಸೂಕ್ ಎನ್ನುವ ಹಳೇ ಪೇಟೆಯ ಹತ್ತಿರ ಅಂಥದೇ ಮಳಿಗೆ ಬೇಕೆಂದು ಕುವೈತಿ ಮಾಲೀಕನೊಬ್ಬ ಕೇಳಿದ್ದ. ಸಾಹೇಬ ಫೋಟೋಗಳನ್ನು ನನ್ನ ಬೋರ್ಡಿನ ಮೇಲೆ ಹರಡಿ, ಯಲ್ಲಾ, ಶುರು ಮಾಡು ಎಂದ. ನಾನು ಉಡುಪಿ ಕಡೆಯವನು. ನಮ್ಮಲ್ಲಿ ಕಾಣುವುದು ಆಡು, ಟಗರಲ್ಲ. ಫೋಟೋದಲ್ಲಿ ಆ ತಲೆಗಳು ಮಸಿ ಹಿಡಿದು ಮಸುಕಾಗಿದ್ದವು. ನನಗೆ ಗೊತ್ತಿದ್ದಂತೆ ಬರೆದೆ, ಗದ್ದದ ಕೆಳಗೆ ಗಡ್ಡ ಸಮೇತ.

ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ಟಗರಿಗೆ ಗಡ್ಡ ಎಲ್ಲಿಯದು ಎಂದ. ಟ್ರೇಸಿಂಗ್ ಹಾಳೆಯ ಇಂಕನ್ನು ಬ್ಲೇಡಿನಿಂದ ಕೆರೆದೇ ತೆಗೆಯಬೇಕು. ನಾನು ಬ್ಲೇಡ್ ಎತ್ತಿಕೊಂಡರೆ ಕೈ ತಡೆದು, ಇರಲಿ ಬಿಡು, ಇದು ನಿನ್ನ ಕಟ್ಟಡವೂ ಹೌದು, ಮುಗಿಯುವವರೆಗೂ ನೀನೇ ಇರಬೇಕು ಎಂದ. ಬರೆದವನು ಹಾಳೆಯ ಮೂಲೆಯಲ್ಲಿ ತನ್ನ ಇನಿಷಿಯಲ್ ಹಾಕುವುದು ನಮ್ಮ ಕಸುಬಿನ ರೂಢಿ. ಹಾಕಿದೆ. ಅವನ ಮಾತನ್ನೂ ನಂಬಿದೆ. ಅಷ್ಟು ಪ್ರೀತಿಯಿಂದ ಹೇಳಿದರೆ ಯಾರು ನಂಬುವುದಿಲ್ಲ ಹೇಳಿ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಸಾಹೇಬ ರಜೆಯಲ್ಲಿ ತನ್ನೂರಿನಲ್ಲಿದ್ದ. ಯಾರೋ ಕಚೇರಿಯ ಬಾಗಿಲು ಒಡೆದಿದ್ದಾರೆಂದು ಗೊತ್ತಾಗಿ, ನಾನು ಹೋಗಿ ಆ ಮಳಿಗೆಯ ಹಾಳೆಗಳನ್ನು ಸುರುಳಿ ಸುತ್ತಿ ಅಬು ಹಲೀಫಾ ಬಡಾವಣೆಯ ನಮ್ಮ ಮನೆಗೆ ತಂದೆ. ಊರಿಗೆ ಮರಳಲು ಬಗ್ದಾದ್ ಮೇಲಿಂದ ಜೋರ್ಡಾನಿನ ಅಮ್ಮಾನಿಗೆ ಬಸ್ಸು ಸಿಕ್ಕಿದಾಗ ಹೆಚ್ಚು ಸಾಮಾನು ಹಾಕುವಂತಿಲ್ಲ ಎಂದರು. ಹೆಂಡತಿ ನನ್ನ ಕಂಕುಳಲ್ಲಿದ್ದ ಸುರುಳಿಯನ್ನು ನೋಡಿದಳು.

"ಎಂತ ಮಾರಾಯ್ರೆ, ನನ್ನ ಧಾರೆ ಸೀರೆ ಬಿಟ್ಟು ಈ ಕಾಗದ ಹೊತ್ತುಕೊಂಡು ಹೋಗುವುದಾ?"

"ಇದಿದ್ದರೆ ನನಗೆ ಕೆಲಸ ಉಂಟು. ಸೀರೆ ಮತ್ತೆ ತೆಗೆಯುವ."

ಅವಳು ಸೀರೆಯನ್ನು ಕಪಾಟಿನಲ್ಲೇ ಇಟ್ಟು ಬೀಗ ಹಾಕಿದಳು. ಜೋರ್ಡಾನ್ ಗಡಿಯ ನಿರಾಶ್ರಿತರ ಡೇರೆಯಲ್ಲಿ ಮರಳು ಬೀಸಿದಾಗ ನಾನು ಅಂಗಿ ಬಿಚ್ಚಿ ಸುರುಳಿಗೆ ಸುತ್ತಿದೆ.

ಯುದ್ಧ ಮುಗಿದ ಮೇಲೆ ಊರಿನಿಂದ ಸಾಹೇಬನಿಗೆ ಕಾಗದ ಬರೆದೆ. ಪಕ್ಕದ ಮನೆಯ ಫೋನಿಗೆ ಅವನ ಕರೆ ಬಂತು. ಹಾಳೆಗಳು ಉಳಿದಿವೆ ಎಂದಾಗ ಎರಡೆರಡು ಸಲ ಥ್ಯಾಂಕ್ಸ್ ಹೇಳಿದ. ಮೊದಲು ಅವನ್ನು ಕಳಿಸು, ಹಿಂದೆಯೇ ನಿನ್ನ ವೀಸಾ ಬರುತ್ತದೆ ಎಂದ. ಕಳಿಸಿದೆ. ಆಮೇಲೆ ಸುದ್ದಿಯೇ ಇಲ್ಲ. ಪಕ್ಕದ ಮನೆಯ ಫೋನ್ ಹೊಡೆದುಕೊಂಡಾಗಲೆಲ್ಲ ನಾನು ಅಂಗಳಕ್ಕೆ ಇಳಿದು ನಿಲ್ಲುತ್ತಿದ್ದೆ.

ವರ್ಷದ ಕೊನೆಗೆ, ಅದೇ ಕಚೇರಿಯಲ್ಲಿ ನಕ್ಷೆಗಳ ಪ್ರಿಂಟ್ ತೆಗೆಯುತ್ತಿದ್ದ ಗೆಳೆಯ ಮನೆಗೆ ಬಂದ. ಅವನನ್ನು ಕುವೈತಿಗೆ ವಾಪಸ್ ಕರೆಸಿಕೊಂಡಿದ್ದರು, ಈಗ ರಜೆಯಲ್ಲಿ ಬಂದಿದ್ದ. ನನ್ನ ಹೆಂಡತಿಗೆಂದು ಗಾಜಿನ ಲೋಟಗಳನ್ನು ತಂದಿದ್ದ. ನನ್ನ ವೀಸಾ ಏನಾಯಿತು ಎಂದು ಕೇಳಿದೆ.

"ಎಂತ ಹೇಳುವುದು ಭಾಯಿ. ನಿಮ್ಮ ಬೋರ್ಡಿನಲ್ಲಿ ಬೇರೆ ಜನ ಕೂತಿದ್ದಾರೆ. ಮಳಿಗೆಗೆ ಪಾಯ ತೆಗೆಯುತ್ತಿದ್ದಾರೆ. ನಾನು ಸಾಹೇಬರ ಹತ್ತಿರ ನಿಮ್ಮ ವಿಷಯ ಎತ್ತಿದೆ. ಅದೆಲ್ಲ ಖಲಾಸ್ ಅಂದರು."

ದಾರಿಯಲ್ಲಿ ಒಡೆಯಬಾರದೆಂದು ಲೋಟಗಳಿಗೆ ಕಚೇರಿಯ ರದ್ದಿ ಪ್ರಿಂಟುಗಳನ್ನು ಸುತ್ತಿದ್ದ. ಪಾಪ, ಅವನು ಅದರಲ್ಲಿ ಏನಿದೆಯೆಂದು ನೋಡಿರಲಿಲ್ಲ. ಹೆಂಡತಿ ಒಂದನ್ನು ಬಿಚ್ಚಿ ಮಡಿಲಲ್ಲಿ ನೀವಿದಳು. ನನ್ನ ಕಮಾನುಗಳು. ಮೂಲೆಯಲ್ಲಿ ನನ್ನ ಇನಿಷಿಯಲ್ ಇದ್ದಲ್ಲಿ ಬ್ಲೇಡಿನಿಂದ ಕೆರೆದ ಕಲೆ, ಅದರ ಮೇಲೆ ಬೇರೆ ಯಾರದೋ ಅಕ್ಷರ. ಟಗರು ಮಾತ್ರ ಗಡ್ಡ ಬಿಟ್ಟುಕೊಂಡು ಹಾಗೇ ಕೂತಿತ್ತು.

"ಇದು ಅದೇ ಕಾಗದವಾ?" ಎಂದಳು ಹೆಂಡತಿ.

"ಅದೇ."

ಅವಳು ಸೀರೆಯ ಮಾತು ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.