ಇನ್ನೊಂದ್ ಬಿಟ್ ಐತಿ

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿದ್ದ ರೇಡಿಯೊ ರಿಪೇರಿಯವರೊಬ್ಬರು ಕುರ್ಚಿಯಲ್ಲಿ ಕೂತಿದ್ದರೂ ಅವರ ಬಲಗಾಲು ಬಸ್ಸು ಹಿಡಿಯಲು ಹೊರಟಂತೆ ಕುಣಿಯುತ್ತಲೇ ಇರುತ್ತಿತ್ತು. ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ನಿನ ತುದಿಗೆ ಅವರು ‘ಬಿಟ್’ ಎನ್ನುತ್ತಿದ್ದರು. ಟಿವಿಗೆ ದಪ್ಪ ಬಿಟ್, ಮೊಬೈಲಿಗೆ ಸೂಜಿಯಂಥದ್ದು. ಹಾಕಿದ್ದು ಪೂರ್ತಿ ಕಾಯುವ ಮೊದಲೇ “ಇದಲ್ಲ, ಇದಲ್ಲ” ಎಂದು ಇಕ್ಕಳದಿಂದ ಕಿತ್ತು ಡಬ್ಬಿಗೆ ಒಗೆದು, ಇನ್ನೊಂದಕ್ಕೆ ತಡಕಾಡುವರು.

ಒಮ್ಮೆ ನಮ್ಮ ಅಜ್ಜಿಯ ಕಿವಿ ಮಶಿನ್ ಕೆಟ್ಟಿತು. ಮನೆಯಲ್ಲಿ ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರೆಂದು ಆಕೆ ಊಟ ಬಿಟ್ಟು ಕೂತಳು. ಆಕೆಯನ್ನು ಈ ರಿಪೇರಿಯವರ ಅಂಗಡಿಗೆ ಕರೆದುಕೊಂಡು ಹೋದೆ. ಒಳಗೆ ಹರಿದಿದ್ದ ತಂತಿ ಕೂದಲೆಳೆಯಷ್ಟು ಸಣ್ಣದು. ಚಪ್ಪಟೆ ಬಿಟ್, ಮೊಂಡ ಬಿಟ್, ಸೂಜಿ ಬಿಟ್ ಎಲ್ಲ ಆದವು. ತಂತಿ ಅಂಟಿತು, ಅವರಿಗೆ ಮಾತ್ರ ಸಮಾಧಾನವಿಲ್ಲ.

“ಸಾಕ ಬಿಡ್ರಿ,” ಎಂದೆ.

“ತಡೀರಿ, ಇನ್ನೊಂದ್ ಬಿಟ್ ಐತಿ,” ಎಂದು ಡಬ್ಬಿ ಸುರುವಿದರು.

ನಾನು ತಡೆಯಲಿಲ್ಲ. ಸೆಲ್ ಹಾಕಿ ಮಶಿನನ್ನು ಅಜ್ಜಿಯ ಕಿವಿಗೆ ಸಿಕ್ಕಿಸಿದೆ. ಅವರು ಬಿಟ್ ಹುಡುಕುತ್ತ “ಇದಲ್ಲ, ಇದಲ್ಲ” ಎನ್ನುತ್ತಲೇ ಇದ್ದರು.

ಅಜ್ಜಿ ತಲೆ ಎತ್ತಿದಳು. “ಯಾವದ ಅಲ್ಲೋ ತಮ್ಮಾ?”

ಅವರ ಬಲಗಾಲು ನಿಂತಿತು.