ನಾನು ಕೂಗದ ಒನ್ಸ್ ಮೋರ್

ನಮ್ಮ ಇತಿಹಾಸದ ಮಾಸ್ತರರ ಮೂಗಿನ ಎಡಹೊಳ್ಳೆಯಲ್ಲಿ ಒಂದು ತೂತಿತ್ತು. ಜೋಳದ ನುಚ್ಚಿನಷ್ಟು ಸಣ್ಣದು. ಪಾಠದ ನಡುವೆ ಅವರ ಬೆರಳು ತಾನಾಗಿಯೇ ಅಲ್ಲಿಗೆ ಹೋಗಿ ಸವರಿ ಬರುತ್ತಿತ್ತು. ಯಾರೋ ಧೈರ್ಯ ಮಾಡಿ ಕೇಳಿದಾಗ, "ನಮ್ಮವ್ವಗ ಮಕ್ಕಳು ಉಳೀತಿದ್ದಿಲ್ಲ. ನಾನರ ಉಳೀಲಿ ಅಂತ ಮೂಗು ಚುಚ್ಚಿಸಿದ್ಳು" ಅಂದರು. ಹಾಗೆ ಚುಚ್ಚಿಸಿಕೊಂಡವರು ನಮ್ಮ ಓಣಿಯಲ್ಲೂ ಇದ್ದರು. ನಾವು ನಂಬಿದೆವು.

ಇನ್ನೂ ಮೈಸೂರು ರಾಜ್ಯ ಎನ್ನುತ್ತಿದ್ದ ಕಾಲ. ಶಹಾಬಾದದ ನಮ್ಮ ಶಾಲೆಗೆ ಅವರು ದಿನಾ ವಾಡಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದರು. ಹೆಂಡತಿ ಮಕ್ಕಳಿರಲಿಲ್ಲ. ಮಧ್ಯಾಹ್ನ ಉಳಿದ ಮಾಸ್ತರರೆಲ್ಲ ಬುತ್ತಿ ಹಂಚಿಕೊಂಡು ನಗುತ್ತ ಉಣ್ಣುವಾಗ ಇವರೊಬ್ಬರೇ ಬೇವಿನ ಗಿಡದ ಬುಡದಲ್ಲಿ ಗೋಡೆಗೆ ಮುಖ ಮಾಡಿ ಕೂತು ಎರಡು ರೊಟ್ಟಿ ತಿಂದು, ಬುತ್ತಿ ಕಟ್ಟಿದ ಅರಿವೆ ಝಾಡಿಸಿ ಮಡಚಿಡುತ್ತಿದ್ದರು. ಅವರ ಜೊತೆ ಮಾತಿಗಿದ್ದವರು ನಾವು ಹುಡುಗರು ಮಾತ್ರ.

ಪುಸ್ತಕದಲ್ಲಿಲ್ಲದ ಪಾಠವೊಂದು ಅವರಲ್ಲಿತ್ತು. ಅದು ಹಾಡಿನ ನಾಟಕಗಳ ಇತಿಹಾಸ. ಅದನ್ನು ಬರೆಸುತ್ತಿರಲಿಲ್ಲ, ನಮ್ಮ ಕೈಯಿಂದ ಮಾಡಿಸುತ್ತಿದ್ದರು. ಮುಂದಿನ ಬೆಂಚಿನವರದು ಎಣ್ಣೆದೀಪದ ಕಾಲ, ನಡುವಿನವರದು ಗ್ಯಾಸ್‌ಬತ್ತಿ ಕಾಲ, ಹಿಂದಿನವರದು ಮೈಕಿನ ಕಾಲ. ಸಿಮೆಂಟಿನ ಗೋಣಿಚೀಲ ಬಿಚ್ಚಿ ಹೊಲಿದು ಪರದೆ ಮಾಡಿದೆವು. ಖಣಿಯವರು ಬಿಸಾಡಿದ ಒಡಕು ಫರಸಿ ಕಲ್ಲು ಹೊಂದಿಸಿ ರಂಗ ಕಟ್ಟಿದೆವು. ಮೈಕಿಲ್ಲದ ಕಾಲದವರು ಯಾಕೆ ಅಷ್ಟು ಎತ್ತರದ ದನಿಯಲ್ಲಿ ಹಾಡುತ್ತಿದ್ದರೆಂದು ತಿಳಿಸಲು ನಮ್ಮನ್ನು ಆ ಫರಸಿಯ ಮೇಲೆ ನಿಲ್ಲಿಸಿ ತಾವು ಗೇಟಿನ ಹತ್ತಿರ ಹೋಗಿ ನಿಲ್ಲುವರು. "ಕೇಳಸಲಿಲ್ಲೋ! ನಾ ಕಡೀ ಸಾಲಿನ್ಯಾಗ ಕುಂತಾವ. ನನಗೇನು ಹಾಡಿಲ್ಲೇನು?"

ಒನ್ಸ್ ಮೋರ್ ಅಂದರೇನೆಂದು ಹೇಳಿದ್ದೂ ಅವರೇ. "ನೋಡೋ ಮಂದ್ಯಾಗ ಒಬ್ಬನೇ ಒಬ್ಬ ಕೂಗಿದ್ರ ಸಾಕು, ಸತ್ತು ಬಿದ್ದ ಪಾತ್ರಾನೂ ಎದ್ದು ಕುಂತು ಹಾಡ್ತಿತ್ತು. ಹಾಡಿ ಮತ್ತ ಸಾಯ್ತಿತ್ತು." ನಾವು ಬಿದ್ದು ಬಿದ್ದು ನಕ್ಕೆವು. ಎಷ್ಟೋ ದಿನ ಅದೇ ನಮ್ಮ ಆಟವಾಯಿತು. ಆದರೆ ಮಾಸ್ತರರು ತಾವು ಮಾತ್ರ ಎಂದೂ ಹಾಡಲಿಲ್ಲ. ಹಾರ್ಮೋನಿಯಂ ನುಡಿಸುತ್ತ ಸಾಲುಗಳನ್ನು ಬರೀ ಮಾತಿನಲ್ಲಿ ಹೇಳಿಕೊಡುತ್ತಿದ್ದರು.

ವರ್ಷದ ಕೊನೆಗೆ ಒಂದು ಸಂಜೆ ಶಾಲೆಯ ಮೈದಾನದಲ್ಲಿ ಊರವರೆದುರು ಪ್ರದರ್ಶನ. ನಾನು ಎಣ್ಣೆದೀಪದ ಕಾಲದ ರಾಣಿ. ಅವ್ವನ ಸೀರೆ ಉಟ್ಟಿದ್ದೆ. ಹಾಡಿನ ನಡುವೆ ನನ್ನ ದನಿ ಒಡೆಯಿತು. ಕಪ್ಪೆ ಕೂಗಿದಂಥ ಸದ್ದು ಹೊರಟು ನಿಂತೇಹೋಯಿತು. ಜನ ನಕ್ಕರು. ಆಗ ಗೋಣಿ ಪರದೆಯ ಹಿಂದಿನಿಂದ ಹೆಣ್ಣುದನಿಯೊಂದು ನಾನು ಬಿಟ್ಟ ಸಾಲನ್ನು ಎತ್ತಿಕೊಂಡಿತು. ಗೇಟಿನ ಆಚೆಗೂ ಕೇಳುವಂಥ ದನಿ. ನಾನು ಬರೀ ತುಟಿ ಆಡಿಸಿದೆ. ಮೈದಾನ ಸುಮ್ಮನಾಯಿತು.

ಹಾಡು ಮುಗಿಯುವ ಹೊತ್ತಿಗೆ ಗಾಳಿಗೆ ಪರದೆ ಸರಿಯಿತು. ಕಣ್ಣು ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಮಾಸ್ತರರು ಎಲ್ಲರಿಗೂ ಕಂಡರು. ಹಿಂದಿನಿಂದ ಒಬ್ಬ ಸೀಟಿ ಹೊಡೆದ. "ಏ ರಾಣಿಬಾಯಿ, ಈ ಕಡಿ ಒಂಚೂರು ನೋಡು!" ಎಂದ ಇನ್ನೊಬ್ಬ. ಮೈದಾನವೆಲ್ಲ ಗೊಳ್ಳೆಂದಿತು. ಅವರು ಕಣ್ಣು ತೆರೆದು ಮೊದಲು ನೋಡಿದ್ದು ನನ್ನ ಕಡೆ. ನಾನೂ ನಕ್ಕೆ. ನನ್ನ ಮೇಲಿದ್ದ ನಗು ಅವರ ಮೇಲೆ ಹೋಯಿತಲ್ಲ ಎಂಬ ಸಮಾಧಾನಕ್ಕೆ ನಕ್ಕೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೋರ್ಡಿನ ಮೇಲೆ ನತ್ತು ಹಾಕಿದ ಮುಖವೊಂದನ್ನು ಯಾರೋ ಬರೆದಿದ್ದರು. ಮಾಸ್ತರರು ಅದನ್ನು ಒರೆಸಿ ರಾಜರ ಪಾಠ ಮಾಡಿದರು. ನಾಟಕದ ಪಾಠ ಮತ್ತೆ ನಡೆಯಲಿಲ್ಲ.

ಕ್ಷಮೆ ಕೇಳಬೇಕೆಂದು ರವಿವಾರ ವಾಡಿಗೆ ಹೋದೆ. ಸ್ಟೇಷನ್ನಿಗೆ ಮುಖ ಮಾಡಿದ ಒಂದೇ ಖೋಲಿಯ ಮನೆ. "ಬಾರೋ, ಕುಂದ್ರು" ಎಂದು ಚಹಾಕ್ಕಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಹೇಳತೊಡಗಿದರು.

"ನಾಟಕ ಕಂಪನಿಯೊಳಗ ನಾ ರಾಣಿ ಪಾರ್ಟು ಮಾಡ್ತಿದ್ದೆ. ನತ್ತಿಗಂತ ಈ ತೂತು ಕಂಪನಿಯವರೇ ಚುಚ್ಚಿಸಿದ್ದು. ಒಂದಿನ ನಿನ್ನಂಗೇ ನಡು ಹಾಡಿನ್ಯಾಗ ದನಿ ಒಡೀತು. ಹಿಂದಿಂದ ಯಾರೂ ಎತ್ತಿಕೊಳ್ಳಲಿಲ್ಲ. ಮುಂದಿನ ಊರಿಗೆ ಹೋಗೋವಾಗ ಈ ಸ್ಟೇಷನ್‌ದಾಗ ನನ್ನ ಇಳಿಸಿ ಹೋದ್ರು. ಇಲ್ಲೇ ದುಡಕೋತ ಸಾಲಿ ಕಲತೆ. ಎರಡು ವರ್ಷಕ್ಕ ದನಿ ಹೊಳ್ಳಿ ಬಂತು. ಕಂಪನಿ ಬರಲಿಲ್ಲ."

"ಮತ್ತ ಇಲ್ಲೇ ಯಾಕ ಉಳದ್ರಿ, ಸರ್?"

"ಹುಡುಕ್ಕೋತ ಬಂದ್ರ ಸಿಗಬೇಕಲ್ಲೋ" ಎಂದು ನಕ್ಕರು. ಆ ನಗು ನೋಡಲಾಗದೆ ಚಹಾ ಕುಡಿದು ಎದ್ದು ಬಂದೆ. ಕ್ಷಮೆ ಕೇಳಲೇ ಇಲ್ಲ.

ನಾನೂ ಮಾಸ್ತರನಾಗಿ ಸೇಡಂನಲ್ಲಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ಖೋಲಿಯ ಮುಂದೆ ಸ್ಟೇಷನ್ನಿನ ಚಹಾ ಅಂಗಡಿಯ ಚಾಚಾ, ಇಬ್ಬರು ಹಮಾಲರು, ಖೋಲಿಯ ಮಾಲೀಕ, ಇಷ್ಟೇ ಜನ. ಮುಖದ ಮೇಲಿನ ಬಟ್ಟೆ ಸರಿಸಿದರು. ಮೂಗಿನ ತೂತು ಹಾಗೇ ಇತ್ತು. ಅಂದು ಆ ಮೈದಾನದಲ್ಲಿ ಒಬ್ಬನೇ ಒಬ್ಬ ಕೂಗಿದ್ದರೆ ಸಾಕಿತ್ತು, ಆ ಒಬ್ಬ ನಾನಾಗಬೇಕಿತ್ತು. ಕಡೇ ಸಾಲಿಗೂ ಕೇಳುವಂತೆ ದನಿ ಎತ್ತರಿಸಿ "ಒನ್ಸ್ ಮೋರ್" ಎಂದೆ.

ಚಾಚಾ ಗಾಬರಿಯಾಗಿ ನನ್ನ ಭುಜ ಹಿಡಿದ. "ಏನಂದ್ರಿ, ಸರ್?"

ಇನ್ನೊಮ್ಮೆ ಕೂಗಿದೆ. ಮಾಸ್ತರರು ಏಳಲಿಲ್ಲ.